ಫೋರ್ಡ್ ಕಟ್ಟಿದ ತೊಟ್ಟಿ, ಅಪ್ಪ ಕಟ್ಟಿದ ಬಾಡಿ

ಹೋದ ವರ್ಷ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಅದು ನನ್ನ ಆರನೇ ಸಂದರ್ಶನ. ಹೆನ್ರಿ ಫೋರ್ಡ್ ಬಗ್ಗೆ ಗೊತ್ತಿರುವುದನ್ನು ಹೇಳಿ ಅಂದರು. ಪಠ್ಯದಲ್ಲಿ ಓದಿದ್ದನ್ನು ಗಡಗಡ ಒಪ್ಪಿಸಿದೆ: 1913, ಅಸೆಂಬ್ಲಿ ಲೈನ್, ಮಾಡೆಲ್ ಟಿ, ಕಪ್ಪು ಬಣ್ಣ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನಿಮ್ಮ ತಂದೆ ಏನು ಮಾಡುತ್ತಾರೆ ಅಂತ ಕೇಳಿದರು. ಬಿಸಿನೆಸ್ ಅಂದೆ. ಏನು ಬಿಸಿನೆಸ್ ಅಂತ ಮತ್ತೆ ಕೇಳಿದಾಗ ಗಂಟಲು ಕಟ್ಟಿತು. ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಾರೆ ಅಂತ ಹೇಳಲು ನಾಚಿಕೆಯಾಗಿ, ಆಟೊಮೊಬೈಲ್ ಲೈನು ಅಂತ ಏನೋ ಗೊಣಗಿ ಎದ್ದು ಬಂದೆ. ಕೆಲಸ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಕಸುಬನ್ನು ಮುಚ್ಚಿಟ್ಟೆನಲ್ಲ ಅನ್ನುವುದು ಬಸ್ಸಿನುದ್ದಕ್ಕೂ ಕೊರೆಯಿತು.

ನಮ್ಮೂರು ನಿಡಘಟ್ಟ. ಚನ್ನಪಟ್ಟಣ ದಾಟಿ ಮದ್ದೂರಿಗೆ ಮುಂಚೆ ಸಿಗುವ ಊರು. ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಅಂತ ಎರಡು ಭಾಗ ಮಾಡಿದ್ದರಿಂದ ನಮ್ಮೂರ ಹೆಸರು ಪೇಪರಿನಲ್ಲಿ ಬಹಳ ಸಲ ಬಂತು. ತಾತ ಎತ್ತಿನ ಗಾಡಿ ಮಾಡುತ್ತಿದ್ದರು. ಗಾಡಿಗಳು ಕಮ್ಮಿಯಾದಾಗ ಅಪ್ಪ ಲಾರಿ ಬಾಡಿ ಕಲಿತರು. ಹೊಸ ಲಾರಿ ಕೊಂಡವರು ಬರೀ ಚಾಸಿ ತಂದು ನಿಲ್ಲಿಸುತ್ತಿದ್ದರು. ಎಂಜಿನ್ನು, ಚಕ್ರ, ಎರಡು ಉದ್ದನೆಯ ಕಬ್ಬಿಣದ ದೂಲ, ಅಷ್ಟೇ. ಮಿಕ್ಕಿದ್ದೆಲ್ಲ ಬಡಗಿಯ ಕೈಯಲ್ಲಿ. ಆಮೇಲೆ ಕಾರ್ಖಾನೆಯಿಂದಲೇ ತೊಟ್ಟಿ ಸಮೇತ ಬರುವ ಸಣ್ಣ ಗಾಡಿಗಳು ಬಂದವು. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಣ್ಣ ಗಾಡಿಗೆ ಬಾಡಿ ಕಟ್ಟಿಸುವವರು ಇಲ್ಲವೇ ಇಲ್ಲ ಅನ್ನುವಷ್ಟಾದರು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬೇಲಿಯ ಆಚೆ ಗಾಡಿಗಳು ನಿಲ್ಲದೆ ಹೋಗತೊಡಗಿದವು. ಶೆಡ್ಡಿನ ಸಾಮಾನನ್ನು ಗುಜರಿಗೆ ಹಾಕಿಬಿಡೋಣವೇ ಅಂತ ಅಪ್ಪ ಯೋಚಿಸುತ್ತಿದ್ದ ಕಾಲದಲ್ಲೇ ಆ ಸಂದರ್ಶನ ನಡೆದದ್ದು.

ಊರಿಗೆ ಬಂದ ಮೇಲೆ ಹೆನ್ರಿ ಫೋರ್ಡನ ಜೀವನವನ್ನು ಸರಿಯಾಗಿ ಓದೋಣ ಅನ್ನಿಸಿತು. ಮುಂದಿನ ಸಂದರ್ಶನಕ್ಕೆ ಬೇಕಾಗಬಹುದು ಅನ್ನುವ ಸ್ವಾರ್ಥದಿಂದಲೇ ಶುರು ಮಾಡಿದೆ. ಆದರೆ ನಾನು ಒಪ್ಪಿಸಿದ ಫೋರ್ಡನೇ ಬೇರೆ, ಓದಿದಾಗ ಸಿಕ್ಕ ಫೋರ್ಡನೇ ಬೇರೆ.

ಆತ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ಒಂದು ಒಕ್ಕಲು ಮನೆಯಲ್ಲಿ. ಅಪ್ಪ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದ ರೈತ. ಹೆನ್ರಿಗೆ ಹನ್ನೆರಡು ವರ್ಷವಾಗಿದ್ದಾಗ, 1876ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಅಪ್ಪನ ಜೊತೆ ಹೋಗುವಾಗ ರಸ್ತೆಯಲ್ಲಿ ಕುದುರೆಯಿಲ್ಲದೆ ತಾನೇ ಚಲಿಸುವ ಒಂದು ಉಗಿ ಎಂಜಿನ್ ನೋಡಿದ. ಅಲ್ಲಿಂದ ಅವನ ಕಣ್ಣು ಹೊಲದ ಮೇಲೆ ನಿಲ್ಲಲಿಲ್ಲ. ಹದಿನಾರಕ್ಕೆ ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರದ ಅಂಗಡಿಗಳಲ್ಲಿ ಕೆಲಸ ಕಲಿತ. ಮಗ ಒಕ್ಕಲುತನಕ್ಕೆ ಮರಳಲಿ ಅಂತ ಅಪ್ಪ ಮರಗಳಿದ್ದ ಒಂದಿಷ್ಟು ಜಮೀನು ಕೊಟ್ಟ. ಹೆನ್ರಿ ಅಲ್ಲಿ ಉಳುವ ಬದಲು ಮರ ಕೊಯ್ಯುವ ಯಂತ್ರ ಹೂಡಿದ. 1888ರಲ್ಲಿ ಕ್ಲಾರಾಳನ್ನು ಮದುವೆಯಾದ. 1891ರಲ್ಲಿ ಮತ್ತೆ ನಗರಕ್ಕೆ ಹೋಗಿ ಎಡಿಸನ್ ವಿದ್ಯುತ್ ಕಂಪನಿ ಸೇರಿದ. ಎರಡೇ ವರ್ಷದಲ್ಲಿ ಮುಖ್ಯ ಎಂಜಿನಿಯರ್ ಆದ.

ಒಳ್ಳೆಯ ಸಂಬಳದ ಕೆಲಸ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ರಾತ್ರಿ ಹೊತ್ತು ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಸೈಕಲ್ ಚಕ್ರದ ಗಾಡಿಯೊಂದನ್ನು ಕಟ್ಟುತ್ತಿದ್ದ. 1896ರ ಜೂನ್ 4ರ ಬೆಳಗಿನ ಜಾವ ಅದು ಸಿದ್ಧವಾಯಿತು. ಹೊರಗೆ ತರಲು ಹೋದರೆ ಶೆಡ್ಡಿನ ಬಾಗಿಲಿಗಿಂತ ಗಾಡಿ ಅಗಲ! ಕೊಡಲಿ ತಗೊಂಡು ಬಾಗಿಲ ಪಕ್ಕದ ಇಟ್ಟಿಗೆ ಒಡೆದು ಗಾಡಿಯನ್ನು ಬೀದಿಗಿಳಿಸಿದ. ಇದನ್ನು ಹೇಳಿದಾಗ ಅಪ್ಪ ಬಾಯ್ತುಂಬ ನಕ್ಕರು. ಅಳತೆ ತಪ್ಪುವುದು ಎಲ್ಲ ಶೆಡ್ಡುಗಳಲ್ಲೂ ನಡೆಯುವ ಕಥೆ.

ನಾನು ಪಠ್ಯದಲ್ಲಿ ಓದದೇ ಇದ್ದ ಭಾಗ ಇಲ್ಲಿಂದ ಶುರು. 1899ರಲ್ಲಿ ಹಣವಂತರು ಸೇರಿ ಫೋರ್ಡ್‌ಗಾಗಿ ಡೆಟ್ರಾಯಿಟ್ ಆಟೊಮೊಬೈಲ್ ಕಂಪನಿ ತೆರೆದರು. 1900ರಲ್ಲಿ ಅದು ಹೊರತಂದ ಮೊದಲ ವಾಹನ ಕಾರಲ್ಲ, ಸಾಮಾನು ಸಾಗಿಸುವ ಗಾಡಿ. ತೂಕ ಜಾಸ್ತಿ, ಓಟ ನಿಧಾನ, ನಂಬಿಕೆಗೆ ಯೋಗ್ಯವಲ್ಲ. ಮರುವರ್ಷವೇ ಕಂಪನಿ ಮುಚ್ಚಿತು. ಎರಡನೇ ಕಂಪನಿಯಲ್ಲೂ ಜೊತೆಗಾರರ ಜೊತೆ ಹೊಂದದೆ 1902ರಲ್ಲಿ ಹೊರಬಂದ. ಅವನು ಬಿಟ್ಟು ಬಂದ ಆ ಕಂಪನಿಯೇ ಮುಂದೆ ಕ್ಯಾಡಿಲಾಕ್ ಆಯಿತು. ಮೂರನೆಯದು 1903ರ ಜೂನ್ 16ರಂದು ಹುಟ್ಟಿದ ಫೋರ್ಡ್ ಮೋಟಾರ್ ಕಂಪನಿ. ಆಗ ಆತನಿಗೆ ನಲವತ್ತರ ಹತ್ತಿರ. ಜಗತ್ತು ನೆನಪಿಟ್ಟುಕೊಂಡ ಮಾಡೆಲ್ ಟಿ ಬಂದಾಗ, 1908ರ ಅಕ್ಟೋಬರ್‌ನಲ್ಲಿ, ನಲವತ್ತೈದು. ಇಪ್ಪತ್ತಮೂರಕ್ಕೆ ಆರು ಸಂದರ್ಶನ ಸೋತು ಜೀವನವೇ ಮುಗಿಯಿತು ಅಂದುಕೊಂಡಿದ್ದ ನನಗೆ ಈ ವಯಸ್ಸಿನ ಲೆಕ್ಕ ಸ್ವಲ್ಪ ಉಸಿರು ಕೊಟ್ಟಿತು.

ಮಾಡೆಲ್ ಟಿ ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ ಕಾರು. ನೆಲದಿಂದ ಎತ್ತರ, ಉಕ್ಕು ಗಟ್ಟಿ, ರಿಪೇರಿ ಸುಲಭ. ಕೊಂಡುಕೊಂಡ ರೈತರು ಅದನ್ನು ಬರೀ ಓಡಾಟಕ್ಕೆ ಬಳಸಲಿಲ್ಲ. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಬೆಲ್ಟು ಹಾಕಿ ಗರಗಸ ತಿರುಗಿಸಿದರು, ನೀರೆತ್ತಿದರು. ಇನ್ನು ಕೆಲವರು ಹಿಂದಿನ ಸೀಟು ಕಿತ್ತು, ಕೆಲವರು ಹಿಂಭಾಗವನ್ನೇ ಕೊಯ್ದು, ಅಲ್ಲಿ ಹಲಗೆಯ ತೊಟ್ಟಿ ಕೂರಿಸಿದರು. ಆಲೂಗೆಡ್ಡೆ, ಹಾಲಿನ ಕ್ಯಾನು, ಹಂದಿ, ಕೋಳಿ ಎಲ್ಲ ಅದರಲ್ಲೇ ಹೋದವು. ಪವರ್ ಟಿಲ್ಲರಿಗೆ ಟ್ರೇಲರ್ ಕಟ್ಟಿ ಕಬ್ಬು, ಹುಲ್ಲು, ಮದುವೆ ದಿಬ್ಬಣ ಎಲ್ಲವನ್ನೂ ಸಾಗಿಸುವ ನಮ್ಮ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತೊಟ್ಟಿ ಕಟ್ಟುತ್ತಿದ್ದವರು ಯಾರು? ಕುದುರೆ ಗಾಡಿ ಮಾಡುತ್ತಿದ್ದ ಬಡಗಿಗಳು, ಕಮ್ಮಾರರು. ಗಾಡಿಯ ಕೆಲಸ ಕಮ್ಮಿಯಾದಾಗ ಮೋಟಾರಿನ ಬಾಡಿಗೆ ಕೈಹಾಕಿದವರು. ಅಂದರೆ ನಮ್ಮ ತಾತ ಮತ್ತು ಅಪ್ಪ ಸೇರಿ ನಡೆದ ದಾರಿಯನ್ನು ಅವರು ಮೊದಲೇ ನಡೆದಿದ್ದರು. 1917ರಲ್ಲಿ ಫೋರ್ಡ್ ಒಂದು ಟನ್ ಹೊರುವ ಮಾಡೆಲ್ ಟಿಟಿ ಲಾರಿ ತಂದಾಗ ಅದನ್ನೂ ಬರೀ ಚಾಸಿಯಾಗಿ 600 ಡಾಲರ್‌ಗೆ ಮಾರಿದ. ಬಾಡಿ ಕಟ್ಟಿಸಿಕೊಳ್ಳುವುದು ಕೊಂಡವರ ಪಾಡು.

ಕಾರ್ಖಾನೆಯ ಒಳಗೆ ಮಾತ್ರ ಬೇರೆಯದೇ ಲೋಕ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಬಂತು. ಒಂದು ಚಾಸಿ ಜೋಡಿಸಲು ಬೇಕಾಗಿದ್ದ 12.5 ಗಂಟೆ ಕೊನೆಗೆ 93 ನಿಮಿಷಕ್ಕೆ ಇಳಿಯಿತು. ಒಂದೇ ಬೋಲ್ಟನ್ನು ದಿನವಿಡೀ ಬಿಗಿಯುವ ಕೆಲಸಕ್ಕೆ ಜನ ನಿಲ್ಲುತ್ತಿರಲಿಲ್ಲ. 1914ರ ಜನವರಿಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಡಾಲರ್ ಕೂಲಿ ಅಂತ ಘೋಷಿಸಿದ. ಅದು ಹಿಂದಿನ ಕೂಲಿಗಿಂತ ಎರಡರಷ್ಟು. ಆದರೆ ಪೂರ್ತಿ ಹಣ ಸಿಗಬೇಕಾದರೆ ಕಂಪನಿಯವರು ಮನೆಗೇ ಬಂದು ಕೆಲಸಗಾರ ಕುಡಿಯುತ್ತಾನೋ, ಸಂಸಾರ ಹೇಗೆ ನಡೆಸುತ್ತಾನೋ ಅಂತ ವಿಚಾರಿಸುತ್ತಿದ್ದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುವ ಗುಣ ಆತನಿಗೆ ಕೊನೆಯವರೆಗೂ ಇತ್ತು.

ಹೊರಗೆ ರೈತರು ಏನು ಮಾಡುತ್ತಿದ್ದಾರೆ ಅನ್ನುವುದು ಕಂಪನಿಗೆ ಕಾಣದೇ ಇರಲಿಲ್ಲ. 1925ರ ಏಪ್ರಿಲ್‌ನಲ್ಲಿ ಮಾಡೆಲ್ ಟಿ ಕಾರಿನ ಹಿಂದೆ ಕಾರ್ಖಾನೆಯಲ್ಲೇ ಮಾಡಿದ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರ್‌ಗೆ ಮಾರಾಟಕ್ಕೆ ಬಿಟ್ಟರು. ಕಾರ್ಖಾನೆಯಿಂದ ಪೂರ್ತಿ ಸಿದ್ಧವಾಗಿ ಬಂದ ಮೊದಲ ಪಿಕಪ್ ಅಂತ ಇದನ್ನೇ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ತೊಟ್ಟಿಯ ಉದ್ದ 56 ಇಂಚು, ಅಂದರೆ ಐದಡಿಗೂ ಕಮ್ಮಿ. ಎಂಜಿನ್ 20 ಅಶ್ವಶಕ್ತಿ. ಹಿಂದೆ ಇಳಿಸಿ ಏರಿಸುವ ಬಾಗಿಲು, ಭಾರ ತಡೆಯುವ ಗಟ್ಟಿ ಕಮಾನುಪಟ್ಟೆ, ಗೋಡೆಯಲ್ಲಿ ಗೂಟ ಸಿಕ್ಕಿಸಲು ನಾಲ್ಕು ಕಿಂಡಿ.

ಆ ನಾಲ್ಕು ಕಿಂಡಿಯ ವಿಷಯ ಓದಿದಾಗ ನಾನು ಪುಸ್ತಕ ಮುಚ್ಚಿ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ತಾತ ಮಾಡಿದ ಹಳೆಯ ಗಾಡಿಯ ಪಕ್ಕದ ಮರ ಇನ್ನೂ ಇದೆ. ಅದರಲ್ಲೂ ಸಾಲಾಗಿ ತೂತುಗಳು. ಹುಲ್ಲು ಹೇರುವಾಗ ಉದ್ದನೆಯ ಗೂಟ, ಗೊಬ್ಬರಕ್ಕೆ ಗಿಡ್ಡ ಗೂಟ ಮತ್ತು ತಡಿಕೆ, ಬರೀ ಮೂಟೆಯಾದರೆ ಗೂಟವೇ ಬೇಡ. ತುಂಬುವ ಮಾಲಿಗೆ ತಕ್ಕಂತೆ ಗಾಡಿಯ ಗೋಡೆ ಎದ್ದು ಇಳಿಯುತ್ತದೆ. ಡೆಟ್ರಾಯಿಟಿನ ಎಂಜಿನಿಯರ್‌ಗಳು ಅದನ್ನು ಹೊಸದಾಗಿ ಕಂಡುಹಿಡಿದಿರಲಿಲ್ಲ. ಗಾಡಿ ಮಾಡುವವರು ತಲೆಮಾರುಗಳಿಂದ ಬಲ್ಲ ಜಾಣತನವನ್ನು ಉಕ್ಕಿಗೆ ಇಳಿಸಿದ್ದರು.

ಮಿಕ್ಕ ಕಂಪನಿಗಳೂ ಅದೇ ದಾರಿ ಹಿಡಿದವು. ಷೆವರ್ಲೆ ಲಾರಿಗಳಿಗೆ ತೊಟ್ಟಿ ಮಾಡಿಕೊಡುತ್ತಿದ್ದ ಮಾರ್ಟಿನ್–ಪ್ಯಾರಿ ಕಂಪನಿಯ ಇಂಡಿಯಾನಾಪೊಲಿಸ್ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 1930ರಲ್ಲಿ ಕೊಂಡುಕೊಂಡಿತು. ಕಾರ್ಖಾನೆಯ ತೊಟ್ಟಿ ಬಂದ ಮೇಲೆ ಊರೂರಿನ ಸಣ್ಣ ಬಾಡಿ ಶೆಡ್ಡುಗಳಿಗೆ ಕೆಲಸ ಕಮ್ಮಿಯಾಯಿತು. ಇಲ್ಲಿಗೆ ಬಂದಾಗ ಮನಸ್ಸು ಭಾರವಾಯಿತು. ನಮ್ಮ ಶೆಡ್ಡಿಗೆ ಆದದ್ದು 1925ರಲ್ಲೇ ಅಲ್ಲಿ ಆಗಿಹೋಗಿತ್ತು. ಆದರೆ ಎಲ್ಲ ಶೆಡ್ಡೂ ಮುಚ್ಚಲಿಲ್ಲ. ಹಾಲಿನ ಗಾಡಿ, ಐಸಿನ ಗಾಡಿ, ಬ್ರೆಡ್ಡಿನ ಗಾಡಿ, ಬೆಂಕಿ ಆರಿಸುವ ಗಾಡಿ – ಒಂದೊಂದು ಕಸುಬಿಗೂ ಬೇರೆ ಬೇರೆ ಬಾಡಿ ಬೇಕಿತ್ತು. ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಹೊಡೆಯುವ ಕಾರ್ಖಾನೆಗೆ ಅದು ಒಗ್ಗುವ ಕೆಲಸವಾಗಿರಲಿಲ್ಲ.

ಇಷ್ಟು ಚೆನ್ನಾಗಿ ನೋಡಿ ಕಲಿತ ಕಂಪನಿಯ ಯಜಮಾನ ಆಮೇಲೆ ನೋಡುವುದನ್ನೇ ನಿಲ್ಲಿಸಿದ. ಜನರಿಗೆ ಬಣ್ಣ ಬೇಕಿತ್ತು, ಮುಚ್ಚಿದ ಕಾರು ಬೇಕಿತ್ತು. ಷೆವರ್ಲೆ ಅದನ್ನು ಕೊಟ್ಟಿತು. ಮಗ ಎಡ್ಸೆಲ್‌ಗೆ ವಿನ್ಯಾಸದ ಕಣ್ಣಿತ್ತು. ಮಾದರಿ ಬದಲಿಸೋಣ ಅಂತ ಕೇಳಿಕೊಂಡ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. 1927ರ ಮೇ ಹೊತ್ತಿಗೆ ಒಂದೂವರೆ ಕೋಟಿ ಮಾಡೆಲ್ ಟಿ ತಯಾರಾಗಿದ್ದವು, ಆದರೆ ಗಿರಾಕಿ ಕೈಬಿಡುತ್ತಿದ್ದ. ಕಾರ್ಖಾನೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಮಾಡೆಲ್ ಎ ತರಬೇಕಾಯಿತು.

ಆತನ ಇನ್ನೊಂದು ಮುಖವನ್ನೂ ಬಿಡುವಂತಿಲ್ಲ. 1920ರ ದಶಕದಲ್ಲಿ ತನ್ನ ಒಡೆತನದ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿಸಿದ. 1938ರಲ್ಲಿ ಹಿಟ್ಲರನ ಸರ್ಕಾರ ಕೊಟ್ಟ ಪದಕ ಸ್ವೀಕರಿಸಿದ. 1932ರ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡವರು ಡಿಯರ್‌ಬಾರ್ನ್ ಕಾರ್ಖಾನೆಗೆ ಮೆರವಣಿಗೆ ಹೊರಟಾಗ ಪೊಲೀಸರೂ ಕಂಪನಿಯ ಕಾವಲಿನವರೂ ಗುಂಡು ಹಾರಿಸಿದರು, ನಾಲ್ವರು ಸತ್ತರು. ಕೆಲಸ ಕೇಳಲು ಹೋದವರು ಅವರು, ನಮ್ಮ ಹಾಗೆ. ಕಾರ್ಮಿಕ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1941ರಲ್ಲಿ ಮಾತ್ರ. ಎಡ್ಸೆಲ್ 1943ರಲ್ಲಿ 49ನೇ ವಯಸ್ಸಿಗೇ ತೀರಿಕೊಂಡ. ದೊಡ್ಡವರ ಜೀವನ ಓದುವಾಗ ನಮಗೆ ಬೇಕಾದ ಪುಟ ಮಾತ್ರ ಹರಿದು ಇಟ್ಟುಕೊಳ್ಳಬಾರದು ಅನ್ನುವುದು ಈ ಓದಿನಲ್ಲಿ ನಾನು ಕಲಿತ ಪಾಠ.

ಅದೇ ಕಾಲದಲ್ಲಿ ಫೋರ್ಡ್‌ನ ಆಸ್ಟ್ರೇಲಿಯಾ ಶಾಖೆಯಲ್ಲಿ ಒಂದು ಒಳ್ಳೆಯ ಸಂಗತಿ ನಡೆಯಿತು. 1932ರಲ್ಲಿ ಒಬ್ಬ ರೈತನ ಹೆಂಡತಿ ಕಂಪನಿಗೆ ಪತ್ರ ಬರೆದಳು. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿ ಮಾರಲು ಸಂತೆಗೆ ಹೋಗಲೂ ಆಗುವಂಥ ಒಂದೇ ಗಾಡಿ ಬೇಕು ಅನ್ನುವುದು ಆಕೆಯ ಬೇಡಿಕೆ. ಲೂ ಬ್ಯಾಂಟ್ ಅನ್ನುವ ಇಪ್ಪತ್ತರ ಹರೆಯದ ವಿನ್ಯಾಸಕ ಅದನ್ನು ತಲೆಗೆ ಹಚ್ಚಿಕೊಂಡು, ಕಾರಿನ ಮುಂಭಾಗವನ್ನೂ ಹಿಂದಿನ ತೊಟ್ಟಿಯನ್ನೂ ಒಂದೇ ಮೈಯಾಗಿ ಬೆಸೆದ. 1934ರಲ್ಲಿ ಆ ಗಾಡಿ ಹೊರಬಂತು. ಒಂದು ಪತ್ರವನ್ನು ಗಮನವಿಟ್ಟು ಓದಿದ್ದಕ್ಕೆ ಸಿಕ್ಕ ಫಲ ಅದು.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬರುತ್ತದೆ. ಕನ್ನಂಬಾಡಿ ಕಟ್ಟೆಯ ಮೂಲಕ ಮಂಡ್ಯಕ್ಕೆ ನೀರು ಕೊಟ್ಟ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಭಾರತದಲ್ಲೇ ಮೋಟಾರ್ ಕಾರ್ಖಾನೆ ಆಗಬೇಕು ಅಂತ ಹೊರಟರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕ ಸುತ್ತಿ ಅಲ್ಲಿಯ ಮೋಟಾರ್ ಉದ್ಯಮ ನೋಡಿ ಬಂದರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಆ ಕನಸನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಗೆತ್ತಿಕೊಂಡರು. ಫೋರ್ಡ್ ಜೊತೆ ಮಾತು ಕೂಡಲಿಲ್ಲ, ಕ್ರೈಸ್ಲರ್ ಒಪ್ಪಿತು. ಮೋಟಾರಿಗಾಗಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರಿಗೆ ಮರಳುವ ದಾರಿಯಲ್ಲಿ ವಿಮಾನ ಉದ್ಯಮದವರೊಬ್ಬರ ಪರಿಚಯವಾಗಿ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿತು. ಮೋಟಾರ್ ಕಂಪನಿ 1944ರಲ್ಲಿ ಪ್ರೀಮಿಯರ್ ಹೆಸರಿನಲ್ಲಿ ಮುಂಬೈಯಲ್ಲಿ ಶುರುವಾಯಿತು. ಅಲ್ಲಿಂದ ಡಾಡ್ಜ್, ಫಾರ್ಗೊ ಲಾರಿಗಳು ಬಂದವು. ಮೂತಿ ಅಮೆರಿಕದ್ದು, ಹಿಂದಿನ ಬಾಡಿ ನಮ್ಮ ಬಡಗಿಗಳದ್ದು. ಹಳೇ ರಸ್ತೆಯಲ್ಲಿ ಫಾರ್ಗೊ ಲಾರಿ ಓಡುತ್ತಿದ್ದುದನ್ನು ನಮ್ಮೂರ ಹಿರಿಯರು ಈಗಲೂ ನೆನೆಯುತ್ತಾರೆ.

ಹೆನ್ರಿ ಫೋರ್ಡ್ ತೀರಿಕೊಂಡದ್ದು 1947ರ ಏಪ್ರಿಲ್ 7ರ ರಾತ್ರಿ. ಹೊಳೆ ಉಕ್ಕಿ ಮನೆಯ ವಿದ್ಯುತ್ ಕೆಟ್ಟಿತ್ತು. ವಿದ್ಯುತ್ ಕಂಪನಿಯ ಮುಖ್ಯ ಎಂಜಿನಿಯರ್ ಆಗಿ ಬದುಕು ಶುರು ಮಾಡಿದವನು ಮೇಣದ ಬತ್ತಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಕಣ್ಣು ಮುಚ್ಚಿದ. ಹುಟ್ಟಿದ ಒಕ್ಕಲು ಮನೆಯಲ್ಲಿದ್ದುದೂ ಅಂಥದೇ ಬೆಳಕು.

ತೊಟ್ಟಿಯ ಕಥೆ ಮಾತ್ರ ಮುಂದುವರಿಯಿತು. 1948ರಲ್ಲಿ ಫೋರ್ಡ್ ಕಂಪನಿ ಎಫ್ ಸರಣಿಯ ಪಿಕಪ್‌ಗಳನ್ನು ತಂದಿತು. ಅಲ್ಲಿಯವರೆಗೂ ಪಿಕಪ್ಪಿನ ತೊಟ್ಟಿ ಚಕ್ರಗಳ ನಡುವೆ ಇಕ್ಕಟ್ಟಾಗಿ ಕೂರುತ್ತಿತ್ತು. ಮಡ್‌ಗಾರ್ಡ್ ಹೊರಗೆ ಉಬ್ಬಿಕೊಂಡಿರುತ್ತಿತ್ತು. ಪಕ್ಕದಲ್ಲಿ ಕಾಲಿಡಲು ಒಂದು ಮೆಟ್ಟಿಲು, ಅದರ ಮೇಲೆ ನಿಂತು ಸಾಮಾನು ಎತ್ತಿಕೊಳ್ಳಬಹುದಿತ್ತು. 1955ರಲ್ಲಿ ಷೆವರ್ಲೆ, 1957ರಲ್ಲಿ ಫೋರ್ಡ್ ತೊಟ್ಟಿಯ ಹೊರಗೋಡೆಯನ್ನು ಕಾರಿನ ಹಾಗೆ ಮಟ್ಟಸವಾಗಿ ಮಾಡಿದವು. ಹೊಲದ ಗಾಡಿ ಪೇಟೆ ಮನೆಯ ಮುಂದೆ ನಿಲ್ಲುವಂತಾಯಿತು. ಆದರೂ ಷೆವರ್ಲೆಯ ಕೆಲವು ಪಿಕಪ್‌ಗಳಲ್ಲಿ ತೊಟ್ಟಿಯ ನೆಲ ಬಹುಕಾಲ ಮರದ್ದೇ ಆಗಿತ್ತು. ಹಲಗೆ ಸಾಲು, ನಡುವೆ ಕಬ್ಬಿಣದ ಪಟ್ಟಿ. ಮೂಟೆ ಎಳೆದಾಗ ಪಟ್ಟಿಯ ಮೇಲೆ ಜಾರುತ್ತದೆ, ಹಲಗೆ ಸವೆಯುವುದಿಲ್ಲ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಇದನ್ನು ಅಪ್ಪನಿಗೆ ಹೇಳಿದಾಗ, ಅದರಲ್ಲೇನಿದೆ ವಿಶೇಷ ಅನ್ನುವ ಹಾಗೆ ನೋಡಿದರು. ಅವರು ಮೂವತ್ತು ವರ್ಷದಿಂದ ಹಾಗೇ ಕಟ್ಟುತ್ತಿದ್ದಾರೆ.

ಇಷ್ಟನ್ನೆಲ್ಲ ಓದಿದ್ದರಿಂದ ನನಗೆ ಕೆಲಸ ಸಿಕ್ಕಿತು ಅಂತ ಹೇಳುವ ಹಾಗಿಲ್ಲ. ಅರ್ಜಿ ಹಾಕುವುದನ್ನೂ ಬಿಟ್ಟಿಲ್ಲ. ಆದರೆ ನೋಡುವ ಕಣ್ಣು ಬದಲಾಯಿತು. ಒಂದು ದಿನ ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೆ. ಕಾರ್ಖಾನೆಯ ತೊಟ್ಟಿ ಇರುವ ಸಣ್ಣ ಪಿಕಪ್‌ಗಳಲ್ಲಿ ಎಳನೀರು ಬರುತ್ತದೆ. ಗೋಡೆ ಗಿಡ್ಡ. ಕಾಯಿ ಉರುಳದಿರಲಿ ಅಂತ ಗೋಣಿಚೀಲ, ಹಗ್ಗ, ಹಳೇ ಮಂಚದ ಪಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿಕೊಂಡಿದ್ದರು. ಹಿಂದಿನ ಬಾಗಿಲು ತೆಗೆದರೆ ಕಾಯಿ ಕಾಲಮೇಲೆ ಬೀಳುತ್ತದೆ. ನೂರು ವರ್ಷದ ಹಿಂದೆ ಮಿಷಿಗನ್ನಿನ ರೈತರು ಮಾಡಿಕೊಂಡಂಥದೇ ಉಪಾಯಗಳು ನನ್ನ ಕಣ್ಣೆದುರು ಇದ್ದವು.

ರಾತ್ರಿ ನೋಟ್‌ಬುಕ್ಕಿನಲ್ಲಿ ಗೀಚಿ ಅಪ್ಪನಿಗೆ ತೋರಿಸಿದೆ. ತೊಟ್ಟಿಯ ಗೋಡೆಯ ಮೇಲೆ ಸಿಕ್ಕಿಸಿ ತೆಗೆಯಬಹುದಾದ ಕಬ್ಬಿಣದ ಗೂಟ, ನಡುವೆ ಹಲಗೆ, ಹಿಂದಿನ ಬಾಗಿಲನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ಮೇಲಿನದನ್ನು ಮಾತ್ರ ಇಳಿಸುವ ವ್ಯವಸ್ಥೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಎರಡು ಕಡೆ ಪೆನ್ಸಿಲಿನಲ್ಲಿ ತಿದ್ದಿದರು. ಅಷ್ಟೊಂದು ತೂಕ ಮೇಲೆ ಹಾಕಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಗೂಟ ಅರ್ಧ ಅಡಿ ಇಳಿಸು ಅಂದರು. ಗಾಡಿಯ ಅಳತೆ ಬದಲಿಸುವ ಮುಂಚೆ ಸಾರಿಗೆ ಕಚೇರಿಯ ನಿಯಮ ಕೇಳಿಕೊಂಡು ಬಾ ಅಂತಲೂ ಸೇರಿಸಿದರು. ನನ್ನ ಡಿಪ್ಲೊಮಾ ಲೆಕ್ಕ ಹಾಕಿ ನೋಡಿದೆ. ಅವರು ಹೇಳಿದ್ದೇ ಸರಿ.

ನಿಯಮ ಕೇಳಿಕೊಂಡು ಬಂದು, ಒಪ್ಪಿಗೆ ಇರುವಷ್ಟಕ್ಕೇ ಅಳತೆ ಇಳಿಸಿ ಕೆಲಸ ಶುರು ಮಾಡಿದೆವು. ಪಕ್ಕದೂರಿನ ಎಳನೀರು ವ್ಯಾಪಾರಿಯೊಬ್ಬರ ಗಾಡಿ ಈಗ ಶೆಡ್ಡಿನಲ್ಲಿ ನಿಂತಿದೆ. ಮೊದಲ ಪ್ರಯೋಗ, ಮಜೂರಿ ಕಮ್ಮಿ. ಗುಜರಿಯ ಮಾತು ಸದ್ಯಕ್ಕೆ ನಿಂತಿದೆ. ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ. ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರೆ, ಗಾಡಿಗೆ ಬಾಡಿ ಕಟ್ಟುತ್ತಾರೆ, ನಾನೂ ಅವರ ಜೊತೆ ಕಟ್ಟುತ್ತೇನೆ ಅನ್ನುತ್ತೇನೆ. ಕೇಳಿದರೆ ನಾಲ್ಕು ಕಿಂಡಿಯ ಕಥೆಯನ್ನೂ ಹೇಳುತ್ತೇನೆ.